ಪ್ಲೇಗ್ ಲಸಿಕೆಯ ಹರಿಕಾರ ಹಾಫ್‌ಕಿನ್

ಅನಗವಾಡಿ ಸೀಮೆಯು ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದ ಕಾಲವದು. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರಲ್ಲಿ ಹುಬ್ಬಳ್ಳಿಯನ್ನು ತಲ್ಲಣಗೊಳಿಸಿತು. ಇಲಿಯ ಮೈಮೇಲಿನ ಚಿಗಟ ಕಚ್ಚಿದರೆ ರೋಗಾಣು ಮನುಷ್ಯನ ದೇಹವನ್ನು ಸೇರುತ್ತದೆ. ಇದಕ್ಕೆ ಲಸಿಕೆ ರೂಪಿಸಿದವರು 1860ರಲ್ಲಿ ಒಡೆಸ್ಸಾದಲ್ಲಿ ಜನಿಸಿದ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್. ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು ತಯಾರಿಸಿದ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಸಿಕೊಂಡರು. ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಅದನ್ನು ಪಡೆದರು.

1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಅಸುನೀಗಿದರು. ದೋಷವನ್ನು ಹಾಫ್‌ಕಿನ್ ತಲೆಗೆ ಕಟ್ಟಲಾಯಿತು; ಹುದ್ದೆಯೂ ಹೋಯಿತು. ಇದು ಘೋರ ಅನ್ಯಾಯವೇ ಸರಿ. ಸೋಂಕು ತಗುಲಿದ್ದು ಪ್ರಯೋಗಾಲಯದಲ್ಲಲ್ಲ, ಬಾಟಲಿ ತೆರೆದ ಸ್ಥಳದಲ್ಲಿ ಎಂದು ಹಲವು ವಿಜ್ಞಾನಿಗಳು ವಾದಿಸಿದ ಬಳಿಕ, 1907ರಲ್ಲಿ ಅವರು ದೋಷಮುಕ್ತರಾದರು. ಮುಂಬೈ ಪ್ರಯೋಗಾಲಯಕ್ಕೆ 1925ರಲ್ಲಿ ಅವರ ಹೆಸರಿಡಲಾಯಿತು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್‌ನಲ್ಲಿ ನಿಧನರಾದರು.