ಮರದ ಮೈಯಲ್ಲಿ ಮೊದಲು ಹಾರಿದ ಮಾರುತ: ಕುರ್ಟ್ ಟ್ಯಾಂಕ್ ಅವರ ಬೆಂಗಳೂರು ವರ್ಷಗಳು

ಬೆಂಗಳೂರು: ದೊಡ್ಡನೆಕ್ಕುಂದಿಯಲ್ಲಿ ತಲೆಯೆತ್ತಿದರೆ ಇಂದು ಕಾಣುವುದು ಅಪಾರ್ಟ್‌ಮೆಂಟ್ ಸಮುಚ್ಚಯಗಳು, ಸಾಫ್ಟ್‌ವೇರ್ ಕಚೇರಿಗಳ ಗಾಜಿನ ಗೋಡೆಗಳು. ಆಗೊಮ್ಮೆ ಈಗೊಮ್ಮೆ ಎಚ್‌ಎಎಲ್ ರನ್‌ವೇ ಕಡೆಯಿಂದ ಯುದ್ಧವಿಮಾನವೊಂದು ಗುಡುಗುತ್ತ ಎದ್ದು ಹೋಗುತ್ತದೆ. ಹೊರವರ್ತುಲ ರಸ್ತೆಯ ಕಲ್ಪನೆಯೂ ಇರದಿದ್ದ, ದೊಡ್ಡನೆಕ್ಕುಂದಿ, ಮಾರತ್‌ಹಳ್ಳಿಗಳು ಇನ್ನೂ ಹಳ್ಳಿಗಳಾಗಿಯೇ ಇದ್ದ 1959ರಲ್ಲಿ ಈ ಭಾಗದ ಆಕಾಶದಲ್ಲಿ ಗುಡುಗಿಲ್ಲದ ಹಾರಾಟವೊಂದು ಆರಂಭವಾಯಿತು. ಡಕೋಟಾ ವಿಮಾನವೊಂದು ತನ್ನ ಹಿಂದೆ ಹಗ್ಗ ಕಟ್ಟಿ ಮತ್ತೊಂದು ವಿಮಾನವನ್ನು ಎಳೆದುಕೊಂಡು ಮೇಲೇರುತ್ತಿತ್ತು. ಸಾಕಷ್ಟು ಎತ್ತರ ತಲುಪಿದೊಡನೆ ಹಗ್ಗ ಕಳಚುತ್ತಿತ್ತು. ಹಿಂದಿನ ವಿಮಾನ ಸದ್ದಿಲ್ಲದೆ ತೇಲುತ್ತ ಬಂದು ನೆಲಕ್ಕಿಳಿಯುತ್ತಿತ್ತು. ಹಿಂದಕ್ಕೆ ಬಾಗಿದ ರೆಕ್ಕೆ, ಚೂಪು ಮೂತಿ. ನೋಡಲು ಸಾಕ್ಷಾತ್ ಜೆಟ್ ಯುದ್ಧವಿಮಾನ. ಆದರೆ ಅದರೊಳಗೆ ಎಂಜಿನ್ ಇರಲಿಲ್ಲ. ಅದರ ಮೈ ಮರದ್ದು.

ಎಕ್ಸ್-241 ಎಂಬ ಹೆಸರಿನ ಆ ಗ್ಲೈಡರ್, ಭಾರತದ ಮೊದಲ ಸ್ವದೇಶಿ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತದ ಪೂರ್ಣಗಾತ್ರದ ಪ್ರತಿರೂಪವಾಗಿತ್ತು. ಅದರ ಹಿಂದಿದ್ದ ವಿನ್ಯಾಸಕಾರ ಜರ್ಮನಿಯ ಪ್ರೊಫೆಸರ್ ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದ ಅತ್ಯಂತ ಪರಿಣಾಮಕಾರಿ ಯುದ್ಧವಿಮಾನಗಳಲ್ಲೊಂದನ್ನು ಹಿಟ್ಲರನ ವಾಯುಪಡೆಗೆ ಕಟ್ಟಿಕೊಟ್ಟ ವ್ಯಕ್ತಿ ಬೆಂಗಳೂರಿಗೆ ಬಂದು ಮರದಿಂದ ಕೆಲಸ ಆರಂಭಿಸಿದ್ದೇಕೆ ಎಂಬುದು ಅವರ ಜೀವನವನ್ನು ಹಿಂದಿನಿಂದ ಓದಿದಾಗಷ್ಟೇ ಅರ್ಥವಾಗುತ್ತದೆ.

ಕುದುರೆಯಿಂದ ರೆಕ್ಕೆಗೆ

ಟ್ಯಾಂಕ್ ಹುಟ್ಟಿದ್ದು 1898ರ ಫೆಬ್ರುವರಿ 24ರಂದು, ಅಂದು ಜರ್ಮನಿಗೆ ಸೇರಿದ್ದ ಬ್ರೊಂಬರ್ಗ್‌ನಲ್ಲಿ. ಇಂದು ಅದು ಪೋಲೆಂಡಿನ ಬಿದ್‌ಗೋಶ್ ನಗರ. ಸೈನಿಕರ ಮನೆತನ. ಮೊದಲ ಮಹಾಯುದ್ಧ ಬಂದಾಗ ಹುಡುಗನಿಗೆ ವಿಮಾನದ ಆಸೆ. ತಂದೆಗೆ ಮಗ ಅಶ್ವದಳ ಸೇರಲೆಂಬ ಹಟ. ತಂದೆಯ ಮಾತೇ ನಡೆಯಿತು. ಯುದ್ಧ ಮುಗಿದ ಮೇಲೆ ಬರ್ಲಿನ್ನಿನ ತಾಂತ್ರಿಕ ವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಓದುತ್ತಲೇ ಅಲ್ಲಿನ ವಿದ್ಯಾರ್ಥಿಗಳ ಗ್ಲೈಡರ್ ಸಂಘವಾದ ಅಕಾಫ್ಲೀಗ್‌ನ ಸ್ಥಾಪಕರಲ್ಲೊಬ್ಬರಾದರು. ಸೋತ ಜರ್ಮನಿಗೆ ಎಂಜಿನ್ ವಿಮಾನಗಳ ಮೇಲೆ ವರ್ಸೇಲ್ಸ್ ಒಪ್ಪಂದದ ಕಟ್ಟುಪಾಡುಗಳಿದ್ದ ಕಾಲ ಅದು. ಆ ತಲೆಮಾರಿನ ಜರ್ಮನ್ ತರುಣರು ಗಾಳಿಯ ಪಾಠ ಕಲಿತದ್ದು ಮರದ ಪಟ್ಟಿ, ತೆಳು ಹಲಗೆ, ಬಟ್ಟೆಗಳ ಗ್ಲೈಡರ್‌ಗಳಲ್ಲಿ.

1924ರಲ್ಲಿ ರೋರ್‌ಬಾಖ್ ಸಂಸ್ಥೆ ಸೇರಿದ ಟ್ಯಾಂಕ್ ಅವರ ಪಾಲಿಗೆ ಬಂದದ್ದು ನೀರಿನ ಮೇಲಿಳಿಯುವ ಹಾರುದೋಣಿಗಳು. ಹಾರುದೋಣಿಯ ಒಡಲು ಅರ್ಧ ದೋಣಿ, ಅರ್ಧ ವಿಮಾನ. ಒಂದು ಕಿಲೋ ತೂಕ ಹೆಚ್ಚಿದರೂ ನೀರಿನಿಂದ ಮೇಲೇಳುವುದು ಕಷ್ಟ. ತೂಕ ಇಳಿಸಲು ಹೋಗಿ ಒಡಲು ದುರ್ಬಲವಾದರೆ ಅಲೆಯ ಹೊಡೆತಕ್ಕೆ ಬಿರಿಯುತ್ತದೆ. ಅಲ್ಲಿಂದ ಕೆಲಕಾಲ ಬೇರೆಡೆ ದುಡಿದು 1930ರ ದಶಕದ ಆರಂಭದಲ್ಲಿ ಬ್ರೆಮೆನ್‌ನ ಫೊಕೆ-ವುಲ್ಫ್ ಸಂಸ್ಥೆಯ ವಿನ್ಯಾಸ ವಿಭಾಗದ ಚುಕ್ಕಾಣಿ ಹಿಡಿದರು. 1937ರ ಜುಲೈನಲ್ಲಿ ತಾವೇ ವಿನ್ಯಾಸಗೊಳಿಸಿದ ನಾಲ್ಕು ಎಂಜಿನ್‌ಗಳ ಕಾಂಡೊರ್ ಪ್ರಯಾಣಿಕ ವಿಮಾನವನ್ನು ಮೊದಲ ಬಾರಿ ಹಾರಿಸಿದವರೂ ಅವರೇ. ಮರುವರ್ಷದ ಆಗಸ್ಟ್‌ನಲ್ಲಿ ಅದೇ ಮಾದರಿಯ ವಿಮಾನ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲಿಯೂ ಇಳಿಯದೆ ಹಾರಿ ಜಗತ್ತಿನ ಗಮನ ಸೆಳೆಯಿತು. 1939ರ ಜೂನ್ 1ರಂದು ಫೊಕೆ-ವುಲ್ಫ್ 190 ಹಾರಿತು. ಯುದ್ಧ ಮುಗಿಯುವ ಹೊತ್ತಿಗೆ ಅಂಥವು 20,000ಕ್ಕೂ ಹೆಚ್ಚು ತಯಾರಾಗಿದ್ದವು.

ಈ ಸಂಖ್ಯೆಯ ಹಿಂದೆ ಕರಾಳ ಸತ್ಯವೂ ಇದೆ. ಜರ್ಮನಿಯ ಇತರ ಯುದ್ಧ ಕಾರ್ಖಾನೆಗಳಂತೆ ಫೊಕೆ-ವುಲ್ಫ್‌ನಲ್ಲಿಯೂ ಆಕ್ರಮಿತ ದೇಶಗಳಿಂದ ಹಿಡಿದು ತಂದವರನ್ನು ಬಲವಂತವಾಗಿ ದುಡಿಸಿಕೊಳ್ಳಲಾಗಿತ್ತು. ಟ್ಯಾಂಕ್ ಅವರ ಪ್ರತಿಭೆಯನ್ನು ಕೊಂಡಾಡುವ ಬರಹಗಳಲ್ಲಿ ಈ ಸಂಗತಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಕಾಣಿಸಬೇಕು.

ಅಂಟು ಕೊಟ್ಟ ಪೆಟ್ಟು

ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಸಂಸ್ಥೆಯ ಮೊಸ್ಕಿಟೊ ವಿಮಾನ 1940ರ ನವೆಂಬರ್‌ನಲ್ಲಿ ಮೊದಲ ಬಾರಿ ಹಾರಿದಾಗ ಲೋಹದ ಯುಗದಲ್ಲಿ ಮರದ ಬಾಂಬರ್ ಎಂದು ನಕ್ಕವರೇ ಹೆಚ್ಚು. ಅತಿ ಹಗುರವಾದ ಬಾಲ್ಸಾ ಮರದ ತಿರುಳು, ಅದರ ಎರಡೂ ಬದಿಗೆ ಬರ್ಚ್ ಮರದ ತೆಳು ಪ್ಲೈವುಡ್, ನಡುವೆ ಅಂಟು. ಈ ಪದರಗಳ ಮೈ ಹಗುರವಾಗಿಯೂ ಬಾಗದಂತೆ ಗಟ್ಟಿಯಾಗಿಯೂ ಇತ್ತು. ವಿಮಾನಕ್ಕೆ ಬಳಸುವ ಮರದ ಸಾಂದ್ರತೆ ಅಲ್ಯೂಮಿನಿಯಂನ ಸುಮಾರು ಆರನೇ ಒಂದು ಭಾಗ. ಹೀಗಾಗಿ ಅಷ್ಟೇ ತೂಕದಲ್ಲಿ ಮರದ ಮೈಯನ್ನು ಹೆಚ್ಚು ದಪ್ಪಗೆ ಮಾಡಬಹುದು. ದಪ್ಪ ಹೆಚ್ಚಿದಷ್ಟೂ ಅದು ಸುಕ್ಕುಗಟ್ಟದೆ ಬಿಗಿಯಾಗಿ ನಿಲ್ಲುತ್ತದೆ. ಮೇಲ್ಮೈ ನುಣುಪು, ರಿವೆಟ್ ತಲೆಗಳ ಅಡ್ಡಿಯಿಲ್ಲ. ಪೀಠೋಪಕರಣ ಮಾಡುವ ಬಡಗಿಗಳೂ ವಿಮಾನ ಕಟ್ಟಬಲ್ಲರು.

ಜರ್ಮನಿಗೂ ಅಂಥದ್ದೊಂದು ಬೇಕಾಯಿತು. ಟ್ಯಾಂಕ್ ಅವರ ಉತ್ತರ ಟಿಎ-154. 1943ರ ಜುಲೈ 1ರಂದು ಹಾರಿದ ಈ ಇರುಳು ಕಾದಾಟದ ವಿಮಾನದ ಬಲವೆಲ್ಲ ಅಡಗಿದ್ದುದು ಟೆಗೊ ಫಿಲ್ಮ್ ಎಂಬ ಅಂಟಿನಲ್ಲಿ. ಅದು ಡಬ್ಬದಲ್ಲಿ ಬರುವ ಅಂಟಲ್ಲ. ಫಿನಾಲ್ ರಾಳದಲ್ಲಿ ನೆನೆಸಿ ಒಣಗಿಸಿದ ತೆಳು ಕಾಗದ. ಎಳೆಗಳು ಒಂದಕ್ಕೊಂದು ಅಡ್ಡಡ್ಡ ಬರುವಂತೆ ಮರದ ಪದರಗಳನ್ನು ಜೋಡಿಸಿ, ನಡುವೆ ಈ ಕಾಗದವಿಟ್ಟು, ಬಿಸಿ ಪ್ರೆಸ್‌ನಲ್ಲಿ ಒತ್ತಿದರೆ ರಾಳ ಕರಗಿ ಗಟ್ಟಿಯಾಗಿ ನೀರಿಗೂ ಜಗ್ಗದ ಪ್ಲೈವುಡ್ ಸಿದ್ಧವಾಗುತ್ತದೆ. ಅದನ್ನು ತಯಾರಿಸುತ್ತಿದ್ದ ವುಪ್ಪರ್ತಾಲ್‌ನ ಕಾರ್ಖಾನೆ ಬ್ರಿಟಿಷರ ಬಾಂಬಿಗೆ ಸಿಕ್ಕಿತು. ಬದಲಿಗೆ ಬಂದ ಅಂಟು ಅಷ್ಟು ಗಟ್ಟಿಯಾಗಿರಲಿಲ್ಲ. ಸಾಲದೆಂಬಂತೆ ಅದರಲ್ಲಿದ್ದ ಆಮ್ಲ ಮರವನ್ನೇ ತಿನ್ನತೊಡಗಿತು. 1944ರಲ್ಲಿ ರೆಕ್ಕೆಯ ಪದರಗಳು ಬಿಚ್ಚಿಕೊಂಡು ವಿಮಾನಗಳು ಉರುಳಿದವು. ಟ್ಯಾಂಕ್ ತಾವಾಗಿಯೇ ತಯಾರಿಕೆ ನಿಲ್ಲಿಸಿದಾಗ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಅವರ ಮೇಲೆ ವಿಧ್ವಂಸದ ಆರೋಪ ಹೊರಿಸಿದ್ದನೆಂದೂ, ವಿಚಾರಣೆಯಲ್ಲಿ ಅವರು ನಿರ್ದೋಷಿಯೆಂದು ತೀರ್ಮಾನವಾಯಿತೆಂದೂ ವಿಮಾನ ಇತಿಹಾಸಕಾರರು ದಾಖಲಿಸಿದ್ದಾರೆ. ಹಿಟ್ಲರನ ಜರ್ಮನಿಯಲ್ಲಿ ಅಂಥ ಆರೋಪದ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ಅಂಟಿನ ಕಾಟ ಗೆದ್ದವರನ್ನೂ ಬಿಡಲಿಲ್ಲ. ಅದೇ 1944ರಲ್ಲಿ ಭಾರತದಲ್ಲಿದ್ದ ಮೊಸ್ಕಿಟೊಗಳ ಕೀಲುಗಳು ಸಡಿಲಗೊಂಡು ಅವಘಡಗಳಾದವು. ತಪಾಸಣೆಗೆಂದು ಅವನ್ನೆಲ್ಲ ಕೆಲಕಾಲ ನೆಲಕ್ಕಿಳಿಸಲಾಯಿತು. ಹವೆಯ ತೇವವೋ, ತಯಾರಿಕೆಯ ಲೋಪವೋ ಎಂಬ ಚರ್ಚೆ ಬಹಳ ಕಾಲ ನಡೆಯಿತು. ಯುದ್ಧ ಮುಗಿದ ಮೇಲೆ ಈ ಮರ-ಅಂಟಿನ ವಿದ್ಯೆ ನೀರಿಗಿಳಿದದ್ದು ಮತ್ತೊಂದು ಸ್ವಾರಸ್ಯ. ಬ್ರಿಟನ್ನಿನ ವಿಮಾನ ತಯಾರಕ ಫೇರಿ ಸಮೂಹದವರು ಮರದ ಪದರಗಳನ್ನು ಅಚ್ಚಿನ ಮೇಲೆ ಶಾಖ ಕೊಟ್ಟು ಒತ್ತಿ ಹಗುರ ಹಾಯಿದೋಣಿಗಳನ್ನು ಮಾಡಿದರು. ತೆಳು ಮರ, ಗಾಜಿನ ನಾರು, ಎಪಾಕ್ಸಿ ಅಂಟು ಸೇರಿಸಿ ಕಟ್ಟುವ ಇಂದಿನ ಜೋಡಿ ಒಡಲಿನ ಕಟಮರಾನ್ ವಿಹಾರನೌಕೆಗಳೂ ಅದೇ ಕುಲದವು. ಕಟಮರಾನ್ ಎಂಬ ಹೆಸರು ತಮಿಳು ಕರಾವಳಿಯ ಬೆಸ್ತರ ಕಟ್ಟುಮರದಿಂದ ಹೋದದ್ದು. ಅಲ್ಲಿ ಅಂಟಿಲ್ಲ, ಹಗ್ಗವೇ ಬಂಧ.

ಯುದ್ಧಾನಂತರ ಜರ್ಮನಿಯಲ್ಲಿ ವಿಮಾನ ತಯಾರಿಕೆಗೆ ನಿಷೇಧ. 1947ರಲ್ಲಿ ಟ್ಯಾಂಕ್ ಬೇರೆ ಹೆಸರಿನಲ್ಲಿ ಅರ್ಜೆಂಟೀನಾ ಸೇರಿದರು. ಕಾರ್ಡೋಬಾ ನಗರದಲ್ಲಿ ಅಧ್ಯಕ್ಷ ಪೆರೋನ್ ಸರ್ಕಾರಕ್ಕಾಗಿ ಪುಲ್ಕಿ-2 ಜೆಟ್ ವಿಮಾನ ರೂಪಿಸಿದರು. ಅಲ್ಲಿಯೂ ಜೆಟ್‌ಗಿಂತ ಮೊದಲು ಹಾರಿದ್ದು ಅದೇ ಆಕಾರದ ಗ್ಲೈಡರ್. 1950ರಲ್ಲಿ ಜೆಟ್ ಹಾರಿತು. ಮರುವರ್ಷ ಪೆರೋನ್ ಎದುರು ಸ್ವತಃ ಟ್ಯಾಂಕ್ ಅದನ್ನು ಹಾರಿಸಿ ತೋರಿಸಿದರು. ಪ್ರಯೋಗದಲ್ಲಿ ಇಬ್ಬರು ಪೈಲಟ್‌ಗಳು ಜೀವ ತೆತ್ತರು. 1955ರ ಸೆಪ್ಟೆಂಬರ್‌ನಲ್ಲಿ ಪೆರೋನ್ ಪದಚ್ಯುತರಾದೊಡನೆ ತಂಡ ಚದುರಿತು.

ಬೆಂಗಳೂರಿಗೆ

ಆ ಹೊತ್ತಿಗೆ ನೆಹರೂ ಸರ್ಕಾರ ಸ್ವಂತ ಯುದ್ಧವಿಮಾನದ ಕನಸು ಕಾಣುತ್ತಿತ್ತು. 1956ರಲ್ಲಿ, 58ರ ವಯಸ್ಸಿನಲ್ಲಿ, ಟ್ಯಾಂಕ್ ತಮ್ಮ ಜರ್ಮನ್ ಎಂಜಿನಿಯರ್‌ಗಳ ತಂಡದೊಂದಿಗೆ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್‌ನಲ್ಲಿ ಸ್ಥಾಪಿಸಿದ್ದ ಆ ಕಾರ್ಖಾನೆಗೆ ಸ್ವಂತ ವಿನ್ಯಾಸದ ಅನುಭವ ಇರಲಿಲ್ಲವೆಂದಲ್ಲ. ಜರ್ಮನಿಯ ಗಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಡಾಕ್ಟರೇಟ್ ಪಡೆದಿದ್ದ ವಿ.ಎಂ. ಘಾಟಗೆ ಅಲ್ಲಿದ್ದರು, ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತ್ತು. ಆದರೆ ಅದು ಪ್ರೊಪೆಲ್ಲರ್‌ನ ಪುಟ್ಟ ವಿಮಾನ. ವಾಯುಪಡೆ ಈಗ ಕೇಳುತ್ತಿದ್ದುದು ಶಬ್ದದ ಎರಡು ಪಟ್ಟು ವೇಗ, 60,000 ಅಡಿ ಎತ್ತರ. ಎಚ್‌ಟಿ-2ರಿಂದ ಅಲ್ಲಿಗೆ ಒಂದೇ ನೆಗೆತ.

ಈ ಅಂತರವನ್ನು ದಾಟಲು ಟ್ಯಾಂಕ್ ಹಾಕಿದ ಹಲಗೆಯೇ ಮರದ ಗ್ಲೈಡರ್. ಹಿಂದಕ್ಕೆ ಬಾಗಿದ ರೆಕ್ಕೆ ವೇಗದಲ್ಲಿ ಲಾಭ. ಇಳಿಯುವಾಗ, ವೇಗ ಕುಗ್ಗಿದಾಗ ಅದೇ ಅಪಾಯ. ರೆಕ್ಕೆ ಯಾವ ಕ್ಷಣದಲ್ಲಿ ಗಾಳಿಯ ಹಿಡಿತ ಕಳೆದುಕೊಳ್ಳುತ್ತದೆ, ಆಗ ಮೂತಿ ಎತ್ತ ತಿರುಗುತ್ತದೆ, ಪೈಲಟ್ ಕೋಲಿಗೆ ವಿಮಾನ ಹೇಗೆ ಮಣಿಯುತ್ತದೆ ಎಂಬುದನ್ನು ಗಾಳಿಸುರಂಗದ ಪುಟ್ಟ ಮಾದರಿ ಪೂರ್ತಿಯಾಗಿ ಹೇಳಲಾರದು. ಲೋಹದ ಮೂಲಮಾದರಿ ಕಟ್ಟಿ, ಎಂಜಿನ್ ಕೂರಿಸಿ, ಹಾರಿಸಿ, ಆಮೇಲೆ ದೋಷ ಕಂಡರೆ ವರ್ಷಗಳೇ ವ್ಯರ್ಥ. ಮರವಾದರೆ ಕೆತ್ತಬಹುದು, ತೇಪೆ ಹಾಕಬಹುದು, ಬದಲಿಸಬಹುದು. ಎರಡು ಆಸನಗಳ ಎಕ್ಸ್-241 ಅಳತೆಯಲ್ಲಿ, ರೆಕ್ಕೆಯ ಅಡ್ಡಕೊಯ್ತದಲ್ಲಿ, ನಿಯಂತ್ರಣಗಳ ಜೋಡಣೆಯಲ್ಲಿ ಮುಂದೆ ಬರಲಿದ್ದ ಜೆಟ್‌ನ ಪಡಿಯಚ್ಚಾಗಿತ್ತು. ಚಕ್ರಗಳನ್ನು ಒಳಗೆಳೆದುಕೊಳ್ಳುವ ವ್ಯವಸ್ಥೆಯೂ ಇತ್ತು.

1959ರ ಏಪ್ರಿಲ್‌ನಲ್ಲಿ ಆರಂಭವಾದ ಪರೀಕ್ಷೆಯ ಹೊಣೆ ಹೊತ್ತವರು ಬ್ರಿಟನ್ನಿನಲ್ಲಿ ಪರೀಕ್ಷಾ ಪೈಲಟ್ ತರಬೇತಿ ಪಡೆದಿದ್ದ ಸುರಂಜನ್ ದಾಸ್, ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಸ್.ಆರ್. ದಾಸ್ ಅವರ ಪುತ್ರ. ಎಂಜಿನ್ ಇಲ್ಲದ ವಿಮಾನಕ್ಕೆ ಎರಡನೇ ಅವಕಾಶವಿಲ್ಲ. ಹಗ್ಗ ಕಳಚಿದ ಮೇಲೆ ರನ್‌ವೇ ತಪ್ಪಿದರೆ ಮತ್ತೆ ಮೇಲೇರಿ ಸುತ್ತು ಹಾಕಿ ಬರುವಂತಿಲ್ಲ. ಹೀಗೆ ಒಂದು ವರ್ಷದಲ್ಲಿ 78 ಹಾರಾಟಗಳು ನಡೆದವು. 1960ರ ಮಾರ್ಚ್ 24ರಂದು ಇಳಿಯುವಾಗ ಮೂತಿಯ ಚಕ್ರ ಕೈಕೊಟ್ಟು ಗ್ಲೈಡರ್ ತೀವ್ರವಾಗಿ ಜಖಂಗೊಂಡಿತು. ಅಷ್ಟರಲ್ಲಿ ಅದು ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿತ್ತು. ಮರುತಿಂಗಳೇ ಲೋಹದ ಮೂಲಮಾದರಿಯ ಜೋಡಣೆ ಶುರುವಾಯಿತು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರೇ ಮೊದಲ ಮಾರುತವನ್ನು ಬೆಂಗಳೂರಿನ ಆಕಾಶಕ್ಕೇರಿಸಿದರು. ಟ್ಯಾಂಕ್ ಬಂದು ಐದು ವರ್ಷವೂ ತುಂಬಿರಲಿಲ್ಲ.

ಮೈ ಸಿದ್ಧವಾಯಿತು, ಎದೆ ಸಿಗಲಿಲ್ಲ. ಟ್ಯಾಂಕ್ ನೆಚ್ಚಿಕೊಂಡಿದ್ದ, ಹೆಚ್ಚುವರಿ ಇಂಧನ ಉರಿಸಿ ಬಲ ಕೊಡುವ ಓರ್ಫಿಯಸ್-12 ಎಂಜಿನ್‌ನ ಅಭಿವೃದ್ಧಿಯನ್ನು ಬ್ರಿಟನ್ ಕೈಬಿಟ್ಟಿತು. ಅದರ ಖರ್ಚು ಹೊರಲು ದೆಹಲಿ ಒಪ್ಪಲಿಲ್ಲ. ಓರ್ಫಿಯಸ್-703 ಎಂಜಿನ್‌ಗಳನ್ನೇ ಜೋಡಿಯಾಗಿ ಕೂರಿಸಬೇಕಾಯಿತು. ಈಜಿಪ್ಟಿನ ಎಂಜಿನ್ ತೊಡಿಸಿದ ಮಾರುತವೊಂದು 1967ರಲ್ಲಿ ಆ ದೇಶದಲ್ಲಿ ಹಾರಿತಾದರೂ ಆ ಯತ್ನವೂ 1969ಕ್ಕೆ ನಿಂತಿತು. ಶಬ್ದದ ಎರಡು ಪಟ್ಟು ವೇಗಕ್ಕೆಂದು ಹುಟ್ಟಿದ ವಿಮಾನ ಶಬ್ದದ ವೇಗವನ್ನು ಮುಟ್ಟಿ ನಿಂತಿತು. ತಪ್ಪು ಟ್ಯಾಂಕ್ ಅವರದೋ ದೆಹಲಿಯದೋ ಎಂಬ ವಾದ ಇನ್ನೂ ಮುಗಿದಿಲ್ಲ. ಎಂಜಿನ್ ಕೈಸೇರುವ ಮೊದಲೇ ಅದನ್ನು ನಂಬಿ ವಿಮಾನ ಕಟ್ಟಿದ್ದು ವಿನ್ಯಾಸಕಾರರ ದುಡುಕೆನ್ನಬಹುದು. ಅಷ್ಟು ದೂರ ಬಂದ ಮೇಲೆ ಎಂಜಿನ್‌ಗೆ ಹಣ ತೆಗೆಯದ ಜಿಪುಣತನ ಅದಕ್ಕಿಂತ ದುಬಾರಿಯಾಯಿತು.

ಟ್ಯಾಂಕ್ 1967ರಲ್ಲಿ ಬೆಂಗಳೂರು ಬಿಟ್ಟರು. ಅದೇ ವರ್ಷದ ಏಪ್ರಿಲ್‌ನಲ್ಲಿ ಮಾರುತ ವಾಯುಪಡೆಯ 10ನೇ ಸ್ಕ್ವಾಡ್ರನ್ ಸೇರಿತ್ತು. 1970ರ ಜನವರಿ 10ರಂದು ಹೆಚ್ಚು ಬಲದ ಎಂಜಿನ್ ಅಳವಡಿಸಿದ ಮಾರುತವನ್ನು ಬೆಂಗಳೂರಿನಲ್ಲಿ ಪರೀಕ್ಷಿಸುತ್ತಿದ್ದಾಗ ಅದು ಅಪ್ಪಳಿಸಿ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಮೃತಪಟ್ಟರು. ಹಳೇ ಮದ್ರಾಸ್ ರಸ್ತೆಯಿಂದ ಹಳೇ ವಿಮಾನ ನಿಲ್ದಾಣ ರಸ್ತೆಗೆ ಹೋಗುವ ಸುರಂಜನ್ ದಾಸ್ ರಸ್ತೆಯ ವಾಹನದಟ್ಟಣೆಯಲ್ಲಿ ದಿನವೂ ಸಿಲುಕುವ ಎಷ್ಟೋ ಮಂದಿಗೆ ಈ ಹೆಸರು ಬರೀ ಬಸ್ ಮಾರ್ಗದ ಗುರುತು.

1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನ ಗಡಿಯಾಚೆಯ ಗುರಿಗಳ ಮೇಲೆರಗಿದ ಮಾರುತಗಳು ವೈಮಾನಿಕ ಕಾದಾಟದಲ್ಲಿ ಒಂದೂ ಬೀಳಲಿಲ್ಲ. ಬದಲಿಗೆ ಒಂದು ಸೇಬರ್ ವಿಮಾನವನ್ನು ಉರುಳಿಸಿದವು. ಎಚ್‌ಎಎಲ್ ಒಟ್ಟು 147 ಮಾರುತಗಳನ್ನು ತಯಾರಿಸಿತು. ಸ್ವದೇಶಕ್ಕೆ ಮರಳಿದ್ದ ಟ್ಯಾಂಕ್, ಜರ್ಮನಿಯ ಎಂಬಿಬಿ ಸಂಸ್ಥೆಗೆ ಸಲಹೆಗಾರರಾಗಿದ್ದು, 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡರು. ಅವರು ಹೋದ ಮೇಲೂ ಮಾರುತ ಕೆಲವು ವರ್ಷ ಸೇವೆಯಲ್ಲಿತ್ತು. 1990ರ ಹೊತ್ತಿಗೆ ಕೊನೆಯವೂ ನಿವೃತ್ತಿಯಾದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು ಮಾರುತ ನಿಂತಿದೆ. ಮತ್ತೊಂದನ್ನು ನೋಡಬೇಕೆಂದರೆ ದೊಡ್ಡನೆಕ್ಕುಂದಿಯಿಂದ ದೂರ ಹೋಗಬೇಕಿಲ್ಲ. ವಿಮಾನಪುರದ ಎಚ್‌ಎಎಲ್ ಪಾರಂಪರಿಕ ಕೇಂದ್ರದ ಅಂಗಳದಲ್ಲಿದೆ.