ಉಪ್ಪಾಗೆ ಮರವನ್ನು ದಾಖಲಿಸಿದ ಡಚ್ ಕಮಾಂಡರ್: ವಾನ್ ರೀಡ್ ಯಾರು?

ತೂಕ ಇಳಿಸುವ ‘ಗಾರ್ಸೀನಿಯಾ’ ಎಂದು ಮುರುಗಲು, ಅಂದರೆ ಪುನರ್ಪುಳಿ ಹಣ್ಣಿನ ಫೋಟೋ ಹಾಕಿದ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಆ ಮಾತ್ರೆಗಳಿಗೆ ಸಾಮಾನ್ಯವಾಗಿ ಬಳಸುವುದು ಅದರ ದಾಯಾದಿ ಉಪ್ಪಾಗೆಯನ್ನು. ಈ ಮರದ ಬಗ್ಗೆ ಗೊಂದಲ ಹಳೆಯದು. ಅದನ್ನು ಬಿಡಿಸಲು ನಾವು ಹೆಂಡ್ರಿಕ್ ವಾನ್ ರೀಡ್ ಅವರ ಕಥೆಯಿಂದ ಶುರು ಮಾಡುತ್ತೇವೆ.

1636ರಲ್ಲಿ ಹುಟ್ಟಿದ ರೀಡ್ ಸಸ್ಯವಿಜ್ಞಾನಿಯಲ್ಲ, ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ. 1670ರ ಹೊತ್ತಿಗೆ ಕೊಚ್ಚಿಯಲ್ಲಿ ಮಲಬಾರಿನ ಕಮಾಂಡರ್ ಆದರು. ಕಂಪನಿಗೆ ಬೇಕಿದ್ದುದು ಕಾಳುಮೆಣಸು. ಇವರಿಗೆ ಹಿಡಿದದ್ದು ಕಾಡಿನ ಹುಚ್ಚು. ಸ್ಥಳೀಯರಿಂದ ಗಿಡಗಳನ್ನು ತರಿಸಿ, ಚಿತ್ರ ಬರೆಸಿದರು. ಹೆಸರು, ಉಪಯೋಗ ತಿಳಿಸಿದವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಮತ್ತು ಕೊಂಕಣಿ ಮಾತಾಡುವ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಈ ಹೆಸರುಗಳು ಪುಸ್ತಕದಲ್ಲೇ ಅಚ್ಚಾಗಿವೆ. ಆ ಕಾಲಕ್ಕೆ ಇದು ಸಣ್ಣ ವಿಷಯವಲ್ಲ.

‘ಹಾರ್ಟಸ್ ಮಲಬಾರಿಕಸ್’ನ ಮೊದಲ ಸಂಪುಟ 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಬಂತು. ಉಪ್ಪಾಗೆ ಅದರಲ್ಲೇ ಇದೆ, ಮಲಯಾಳದ ಕುಡಂಪುಳಿ ಎಂಬ ಹೆಸರಿನಲ್ಲಿ. 1691ರಲ್ಲಿ ರೀಡ್ ಹಡಗಿನಲ್ಲೇ ತೀರಿಕೊಂಡರು, ಸಮಾಧಿ ಸೂರತ್‌ನಲ್ಲಿದೆ. ಹನ್ನೆರಡನೆಯ, ಕೊನೆಯ ಸಂಪುಟ 1693ರಲ್ಲಿ ಹೊರಬಂತು.

ಎಡವಟ್ಟಾದದ್ದು ಆಮೇಲೆ. ಉಪ್ಪಾಗೆಯ ತೊಗಟೆ ಕೊಯ್ದರೆ ಹಳದಿ ಅಂಟು ಬರುತ್ತದೆ. ಚಿತ್ರಕಾರರು ಬಳಸುತ್ತಿದ್ದ ಗಂಬೋಜ್ ಎಂಬ ಹಳದಿ ಬಣ್ಣ ಈ ಮರದ್ದೇ ಎಂದು ಯುರೋಪಿನವರು ನಂಬಿದರು. ನಿಜಕ್ಕೂ ಅದು ಕಾಂಬೋಡಿಯಾ, ಥಾಯ್ಲೆಂಡ್ ಕಡೆಯ ಬೇರೆ ಗಾರ್ಸೀನಿಯಾ ಮರದ್ದು. ಲಿನೇಯಸ್ ಕೂಡ ಎರಡನ್ನೂ ಬೆರೆಸಿದರು. ‘ಗಾರ್ಸೀನಿಯಾ ಗಮ್ಮಿ-ಗಟ್ಟ’ ಎಂಬ ಈಗಿನ ಹೆಸರಲ್ಲೂ ಆ ಬಣ್ಣದ ಅಂಟು ಹಾಗೇ ಉಳಿದಿದೆ!

ಹಾಗಾಗಿ ಹಳದಿ ಅಂಟು ಕಂಡಿತು ಎಂದು ಉಪ್ಪಾಗೆ ಎನ್ನಬೇಡಿ, ಹಣ್ಣು ನೋಡಿ. ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಎತ್ತರದ ಮರಗಳ ನೆರಳಲ್ಲಿ ಬೆಳೆಯುವ ಉಪ್ಪಾಗೆಯ ಎಲೆ ದಪ್ಪ, ಹೊಳಪು, ಎದುರುಬದುರು. ಹಣ್ಣು ಪುಟ್ಟ ಕುಂಬಳಕಾಯಿಯಂತೆ ಆಳವಾದ ಗೀರುಗಳಿದ್ದು ಮಳೆಗಾಲದಲ್ಲಿ ಹಳದಿಯಾಗಿ ಮಾಗುತ್ತದೆ. ಬಿಸಿಲಿಲ್ಲದ ಕಾರಣ ಸಿಪ್ಪೆಯನ್ನು ಒಲೆಯ ಹೊಗೆಯಲ್ಲಿ ಕಪ್ಪಾಗುವವರೆಗೆ ಒಣಗಿಸುತ್ತಾರೆ. ಮುರುಗಲು ನುಣುಪು, ಗುಂಡಗೆ, ಕಡುಗೆಂಪು; ಬೇಸಿಗೆಯಲ್ಲೇ ಹಣ್ಣಾಗುತ್ತದೆ.

ಇನ್ನು ತೂಕದ ವಿಷಯ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪ್ರಯೋಗದಲ್ಲಿ ಉಪ್ಪಾಗೆ ಸಾರದ ಮಾತ್ರೆಗೂ ಔಷಧವೇ ಇಲ್ಲದ ಮಾತ್ರೆಗೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇಂಥ ಮಾತ್ರೆ ನುಂಗಿದ ಕೆಲವರಿಗೆ ಲಿವರ್‌ಗೆ ಹಾನಿಯಾದ ವರದಿಗಳೂ ಇವೆ. ಸಾರಿಗೆ ಹಾಕುವ ನಾಲ್ಕು ಚೂರು ಸಿಪ್ಪೆಯ ಬಗ್ಗೆ ಈ ಮಾತಲ್ಲ.