ಜೆನ್ಸ್ ಜೆನ್ಸೆನ್

ಜೆನ್ಸ್ ಜೆನ್ಸೆನ್ (೧೩ ಸೆಪ್ಟೆಂಬರ್ ೧೮೬೦ – ೧ ಅಕ್ಟೋಬರ್ ೧೯೫೧) ಡೆನ್ಮಾರ್ಕ್ ಮೂಲದ ಅಮೆರಿಕನ್ ಉದ್ಯಾನ ವಿನ್ಯಾಸಕಾರರು. ದೂರದೇಶಗಳಿಂದ ತರಿಸಿದ ಅಲಂಕಾರಸಸ್ಯಗಳೇ ಉದ್ಯಾನದ ಶೋಭೆ ಎಂದು ನಂಬಲಾಗಿದ್ದ ಕಾಲದಲ್ಲಿ, ಆಯಾ ಸೀಮೆಯಲ್ಲಿ ತಾವಾಗಿ ಬೆಳೆಯುವ ಗಿಡಮರಗಳಿಂದಲೇ ಷಿಕಾಗೊ ನಗರದ ಸಾರ್ವಜನಿಕ ಉದ್ಯಾನಗಳನ್ನು ರೂಪಿಸಿ ಖ್ಯಾತರಾದರು.

ಆರಂಭಿಕ ಜೀವನ

ಜೆನ್ಸೆನ್ ಅವರು ಶ್ಲೆಸ್ವಿಗ್ ಪ್ರಾಂತದ ಡ್ಯುಬೋಲ್ ಸಮೀಪದ ಅನುಕೂಲಸ್ಥ ಕೃಷಿಕ ಕುಟುಂಬದಲ್ಲಿ ಜನಿಸಿದರು. ೧೮೬೪ರ ಯುದ್ಧದ ನಂತರ ಆ ಪ್ರದೇಶವು ಪ್ರಷ್ಯದ ಅಧೀನಕ್ಕೆ ಹೋಯಿತು. ಕುಟುಂಬದ ಕೃಷಿ ಕಟ್ಟಡಗಳು ಹೊತ್ತಿ ಉರಿದುದು ಬಾಲಕನ ನೆನಪಿನಲ್ಲಿ ಉಳಿಯಿತು. ಕೃಷಿಶಾಲೆಯಲ್ಲಿ ಓದಿದ ಮೇಲೆ ಬರ್ಲಿನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಸಲ್ಲಿಸಿದರು. ಅಲ್ಲಿನ ಉದ್ಯಾನಗಳನ್ನು ಅಭ್ಯಸಿಸಲು ದೊರೆತ ಮೊದಲ ಅವಕಾಶವೂ ಅದೇ. ೧೮೮೪ರಲ್ಲಿ, ಮುಂದೆ ಪತ್ನಿಯಾದ ಅನ್ನಾ ಮೇರಿ ಹ್ಯಾನ್ಸೆನ್ ಅವರೊಂದಿಗೆ ಅಮೆರಿಕಕ್ಕೆ ವಲಸೆ ಹೋದರು. ಫ್ಲಾರಿಡ ಮತ್ತು ಅಯೋವಾಗಳಲ್ಲಿ ಕೆಲಕಾಲ ದುಡಿದು ಷಿಕಾಗೊ ಸೇರಿ, ನಗರದ ಪಶ್ಚಿಮ ಭಾಗದ ಉದ್ಯಾನ ಮಂಡಳಿಯಲ್ಲಿ ಕೂಲಿಕೆಲಸಕ್ಕೆ ನಿಂತರು.

ಷಿಕಾಗೊ ಉದ್ಯಾನಗಳು

ಅಂದಿನ ಷಿಕಾಗೊದಲ್ಲಿ ಪಾತಿಗಳನ್ನು ಜ್ಯಾಮಿತೀಯ ಆಕಾರಗಳಲ್ಲಿ ಕತ್ತರಿಸಿ, ವಿದೇಶಿ ಹೂಗಿಡಗಳನ್ನು ಸಾಲಾಗಿ ನೆಡುವುದು ವಾಡಿಕೆಯಾಗಿತ್ತು. ಜೆನ್ಸೆನ್ ಕೂಡ ಮೊದಲು ಅದನ್ನೇ ಮಾಡಿದರು. ಆ ಗಿಡಗಳು ಅಲ್ಲಿನ ಮಣ್ಣು ಹವೆಗಳಿಗೆ ಹೊಂದಿಕೊಳ್ಳದೆ ಬಾಡುತ್ತಿದ್ದುದು ಅವರನ್ನು ಬೇರೆ ದಾರಿ ಹುಡುಕುವಂತೆ ಮಾಡಿತು. ಬಿಡುವಿನ ದಿನಗಳಲ್ಲಿ ನಗರದ ಹೊರವಲಯದ ಕಾಡು, ಹುಲ್ಲುಗಾವಲು, ಜೌಗುಭೂಮಿಗಳಲ್ಲಿ ಅಲೆದು ಸ್ಥಳೀಯ ಸಸ್ಯಗಳನ್ನು ಗುರುತಿಸಿದರು. ೧೮೮೮ರಲ್ಲಿ ಕುದುರೆಗಾಡಿಯಲ್ಲಿ ಕಾಡುಹೂವಿನ ಗಿಡಗಳನ್ನು ತಂದು ಯೂನಿಯನ್ ಪಾರ್ಕಿನ ಒಂದು ಮೂಲೆಯಲ್ಲಿ ನೆಟ್ಟು, ಅದಕ್ಕೆ ಅಮೆರಿಕನ್ ತೋಟ ಎಂದು ಹೆಸರಿಟ್ಟರು. ಹಳ್ಳಿಗಾಡಿನಲ್ಲಿ ಕಳೆಗಿಡಗಳೆಂದು ಕಡೆಗಣಿಸಲ್ಪಡುತ್ತಿದ್ದ ಸಸ್ಯಗಳು ನಗರದ ಉದ್ಯಾನದಲ್ಲಿ ಸ್ಥಾನ ಪಡೆದುದು ಹೀಗೆ.

೧೮೯೫ರ ಹೊತ್ತಿಗೆ ಹಂಬೋಲ್ಟ್ ಪಾರ್ಕಿನ ಮೇಲ್ವಿಚಾರಕರಾದರು. ಮಂಡಳಿಯಲ್ಲಿ ನಡೆಯುತ್ತಿದ್ದ ರಾಜಕೀಯ ಭ್ರಷ್ಟಾಚಾರದಲ್ಲಿ ಪಾಲುಗೊಳ್ಳಲು ಒಪ್ಪದ ಕಾರಣ ೧೯೦೦ರಲ್ಲಿ ಅವರನ್ನು ಕೆಲಸದಿಂದ ತೆಗೆಯಲಾಯಿತು. ಐದು ವರ್ಷ ಖಾಸಗಿ ತೋಟಗಳ ವಿನ್ಯಾಸದಿಂದ ಜೀವನ ಸಾಗಿಸಿದರು. ಆಡಳಿತ ಬದಲಾದ ಮೇಲೆ, ೧೯೦೫ರಲ್ಲಿ, ಇಡೀ ಪಶ್ಚಿಮ ಉದ್ಯಾನ ವ್ಯವಸ್ಥೆಯ ಮುಖ್ಯಾಧಿಕಾರಿಯಾಗಿ ಮರಳಿ ಬಂದರು.

ಈ ಅವಧಿಯ ಗಾರ್ಫೀಲ್ಡ್ ಪಾರ್ಕ್ ಗಾಜಿನಮನೆ (೧೯೦೮) ಉಷ್ಣವಲಯದ ಸಸ್ಯಗಳಿಗಾಗಿಯೇ ಕಟ್ಟಿದ್ದು. ಸ್ಥಳೀಯ ಸಸ್ಯಗಳ ಪಕ್ಷಪಾತಿಯ ಹೆಸರು ಇಂತಹ ಕಟ್ಟಡದೊಂದಿಗೆ ತಳುಕು ಹಾಕಿಕೊಂಡಿರುವುದು ಸೋಜಿಗವೆನಿಸಬಹುದು. ಆದರೆ ಗಾಜಿನೊಳಗಿನ ಜರೀಗಿಡಗಳ ಕೋಣೆಯಲ್ಲೂ ಅವರು ತೋರಿಸಲು ಬಯಸಿದ್ದು ಇಲಿನಾಯ್ ನೆಲದ ಪ್ರಾಚೀನ ರೂಪವನ್ನೇ.

ಕೊಲಂಬಸ್ ಪಾರ್ಕ್ (೧೯೧೫–೧೯೨೦) ಅವರ ಅತ್ಯುತ್ತಮ ಕೃತಿಯೆಂದು ಪರಿಗಣಿತವಾಗಿದೆ. ಆ ನಿವೇಶನದ ಮರಳುದಿಬ್ಬವನ್ನು ಪುರಾತನ ಸರೋವರವೊಂದರ ದಂಡೆಯೆಂದು ಭಾವಿಸಿದ ಜೆನ್ಸೆನ್, ಅದನ್ನೇ ಆಧಾರವಾಗಿಟ್ಟುಕೊಂಡು ಪದರಗಲ್ಲಿನ ಜಲಪಾತ, ನಿಧಾನವಾಗಿ ಹರಿಯುವ ಕೃತಕ ನದಿ, ಅದರ ಅಂಚಿನಲ್ಲಿ ಜೌಗುಸಸ್ಯಗಳು, ಆಚೆಗೆ ವಿಶಾಲವಾದ ಬಯಲು ಬರುವಂತೆ ಯೋಜಿಸಿದರು. ಜನರು ವೃತ್ತಾಕಾರವಾಗಿ ಕುಳಿತು ಮಾತನಾಡಲು ನಿರ್ಮಿಸಿದ ತಗ್ಗಾದ ಕಲ್ಲಿನ ಆಸನಬಳೆಯು ಅವರ ತೋಟಗಳ ಗುರುತಾಯಿತು. ಅಲ್ಲಿ ಯಾರಿಗೂ ಮೇಲಿನ ಸ್ಥಾನವಿಲ್ಲ.

ಹಾಥಾರ್ನ್ ಎಂಬ ಮುಳ್ಳುಮರ ಅವರಿಗೆ ಅಚ್ಚುಮೆಚ್ಚಿನದು. ಅದರ ಕೊಂಬೆಗಳು ಅಡ್ಡಕ್ಕೆ ಚಾಚುವುದರಿಂದ ಸಮತಟ್ಟಾದ ಹುಲ್ಲುಗಾವಲಿನ ದಿಗಂತವನ್ನು ನೆನಪಿಸುತ್ತವೆ ಎಂಬುದು ಅವರ ಕಾರಣ. ಜೆನ್ಸೆನ್ ಅವರ ಮೊದಲ ಕಾಳಜಿ ಪ್ರಾಣಿಪಕ್ಷಿಗಳಿಗಿಂತ ನೆಲದ ಚಹರೆಯದಾಗಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಆದರೂ ಹಾಥಾರ್ನಿನ ಕೆಂಪು ಹಣ್ಣುಗಳು ಹಕ್ಕಿಗಳ ಆಹಾರ, ಮುಳ್ಳುಗಳು ಅವುಗಳ ಗೂಡಿಗೆ ಕಾವಲು. ಸ್ಥಳೀಯ ಕೀಟಗಳಲ್ಲಿ ಅನೇಕವು ತಮಗೆ ರೂಢಿಯಾದ ಸಸ್ಯಗಳನ್ನು ಬಿಟ್ಟು ಬೇರೆಯದನ್ನು ತಿಂದು ಬದುಕಲಾರವು. ಮರಿಗಳಿಗೆ ಕಂಬಳಿಹುಳು ಉಣಿಸುವ ಹಕ್ಕಿಗಳು ಅಂತಹ ಕೀಟಗಳನ್ನು ಅವಲಂಬಿಸಿವೆ. ಚಹರೆಗಾಗಿ ನೆಟ್ಟ ಗಿಡಗಳು ಜೀವಿಗಳಿಗೂ ಆಸರೆಯಾದವು.

ಫೋರ್ಡ್ ಕುಟುಂಬದ ತೋಟಗಳು

೧೯೨೦ರಲ್ಲಿ ಉದ್ಯಾನ ಮಂಡಳಿಯೊಂದಿಗಿನ ಸಂಬಂಧ ಮುಗಿಯಿತು. ಅದಕ್ಕೆ ಮುಂಚೆಯೇ ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ಅವರ ಫೇರ್ ಲೇನ್ ಎಸ್ಟೇಟನ್ನು ವಿನ್ಯಾಸಗೊಳಿಸಲು ತೊಡಗಿದ್ದರು. ಬೇಸಿಗೆಯ ದೀರ್ಘತಮ ಹಗಲಿನಂದು ಸೂರ್ಯನು ಮರಗಳ ನಡುವಿನ ತೆರಪಿನಲ್ಲಿ ಮುಳುಗುವಂತೆ ಅಲ್ಲಿನ ಹುಲ್ಲುಗಾವಲನ್ನು ರೂಪಿಸಿದ್ದರು. ಫೋರ್ಡರ ಪತ್ನಿ ಕ್ಲಾರಾ ಅವರಿಗೆ ಗುಲಾಬಿ ತೋಟ ಬೇಕಾಗಿತ್ತು. ಜೆನ್ಸೆನ್ ಒಪ್ಪಲಿಲ್ಲ, ಕೆಲಸ ಬಿಟ್ಟು ಹೊರಟರು. ಫೋರ್ಡ್ ದಂಪತಿಗಳ ಮಗ ಎಡ್ಸೆಲ್ ಮಾತ್ರ ಮುಂದೆ ತಮ್ಮ ಸರೋವರತೀರದ ಮನೆಗೆ ಅವರನ್ನೇ ಕರೆಸಿದರು. ಅಲ್ಲಿ ಜೆನ್ಸೆನ್ ನಿರ್ಮಿಸಿದ ನೆಲದ ಚಾಚಿಗೆ ಹಕ್ಕಿಗಳ ದ್ವೀಪ ಎಂಬ ಹೆಸರಿದೆ. ಹಾಡುಹಕ್ಕಿಗಳನ್ನು ಆಕರ್ಷಿಸುವ ಪೊದೆಗಳನ್ನು ಅಲ್ಲಿ ನೆಡಲಾಯಿತು.

ನಿಸರ್ಗ ಸಂರಕ್ಷಣೆ

ತೋಟಕ್ಕೆ ಗಿಡ ತಂದ ಕಾಡುಗಳೇ ನಗರದ ಬೆಳವಣಿಗೆಯಲ್ಲಿ ಕಣ್ಮರೆಯಾಗುತ್ತಿದ್ದವು. ೧೯೧೩ರಲ್ಲಿ ಜೆನ್ಸೆನ್ ನಾಡಿನ ಭೂದೃಶ್ಯದ ಗೆಳೆಯರ ಬಳಗವನ್ನು ಸ್ಥಾಪಿಸಿದರು. ಮಿಷಿಗನ್ ಸರೋವರದ ದಕ್ಷಿಣತೀರದ ಇಂಡಿಯಾನ ಮರಳುದಿಬ್ಬಗಳ ರಕ್ಷಣೆಗಾಗಿ ೧೯೧೬ರಲ್ಲಿ ನಡೆದ ಸರ್ಕಾರಿ ವಿಚಾರಣೆಯಲ್ಲಿ ಅವರೂ ವಾದ ಮಂಡಿಸಿದರು. ೧೯೩೬ರಲ್ಲಿ ಆರಂಭವಾದ ಸ್ಪ್ರಿಂಗ್‌ಫೀಲ್ಡಿನ ಲಿಂಕನ್ ಸ್ಮಾರಕ ತೋಟದಲ್ಲಿ, ಅಬ್ರಹಾಂ ಲಿಂಕನ್ ಬಾಳಿದ ಕೆಂಟಕಿ, ಇಂಡಿಯಾನ, ಇಲಿನಾಯ್ ರಾಜ್ಯಗಳ ಸಸ್ಯಗಳನ್ನಷ್ಟೇ ಬಳಸಿದರು. ಹೊಲವಾಗಿದ್ದ ಆ ನೆಲದಲ್ಲಿ ಮಕ್ಕಳು ಓಕ್ ಬೀಜಗಳನ್ನು ನೆಟ್ಟರು. ತಾವು ನೋಡಲಾರದ ಕಾಡನ್ನು ಯೋಜಿಸಿದಾಗ ವಿನ್ಯಾಸಕಾರರಿಗೆ ಎಪ್ಪತ್ತೈದು ದಾಟಿತ್ತು.

ಟೀಕೆ

ಜೆನ್ಸೆನ್ ಅವರ ಬರಹಗಳಲ್ಲಿ ಸಸ್ಯಗಳ ನೆಲೆಯನ್ನು ಜನಾಂಗಗಳ ನೆಲೆಯೊಂದಿಗೆ ಹೋಲಿಸುವ ಮಾತುಗಳಿವೆ. ೧೯೩೦ರ ದಶಕದಲ್ಲಿ ಜರ್ಮನಿಯ ತೋಟಗಾರಿಕೆ ಪತ್ರಿಕೆಯಲ್ಲಿಯೂ ಅವರ ಲೇಖನ ಪ್ರಕಟವಾಗಿತ್ತು. ಈ ಚಿಂತನೆಯು ಅಂದಿನ ಜನಾಂಗೀಯ ವಾದಗಳಿಗೆ ಸಮೀಪವಾದುದೆಂದು ಕೆಲವು ಜರ್ಮನ್ ಇತಿಹಾಸಕಾರರು ಆಕ್ಷೇಪಿಸಿದ್ದಾರೆ. ಅವರೇ ವಲಸಿಗರಾಗಿದ್ದರೆಂಬುದು ಈ ಆಕ್ಷೇಪಕ್ಕೆ ಪೂರ್ಣ ಉತ್ತರವಾಗಲಾರದು.

ಕೊನೆಯ ವರ್ಷಗಳು

೧೯೩೪ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ ಜೆನ್ಸೆನ್ ವಿಸ್ಕಾನ್ಸಿನ್ ರಾಜ್ಯದ ಎಲಿಸನ್ ಬೇಯಲ್ಲಿ ದಿ ಕ್ಲಿಯರಿಂಗ್ ಎಂಬ ಶಾಲೆಯನ್ನು ತೆರೆದರು. ೧೯೩೭ರಲ್ಲಿ ಅದರ ಮುಖ್ಯ ಕಟ್ಟಡ ಬೆಂಕಿಗೆ ಆಹುತಿಯಾದಾಗ ಮತ್ತೆ ಕಟ್ಟಿಸಿದರು. ಅದೇ ವರ್ಷ, ಸಮೀಪದ ಬೇಲೀಸ್ ಹಾರ್ಬರಿನಲ್ಲಿ ಕಾಡು ಆರ್ಕಿಡ್‌ಗಳ ನೆಲೆಯಾದ ದಿ ರಿಡ್ಜಸ್ ರಕ್ಷಿತ ಪ್ರದೇಶದ ಸ್ಥಾಪನೆಗೂ ನೆರವಾದರು. ಸಿಫ್ಟಿಂಗ್ಸ್ ಎಂಬ ಅವರ ಪುಸ್ತಕ ೧೯೩೯ರಲ್ಲಿ ಪ್ರಕಟವಾಯಿತು. ತೊಂಬತ್ತೊಂದನೆಯ ವಯಸ್ಸಿನಲ್ಲಿ ದಿ ಕ್ಲಿಯರಿಂಗ್‌ನಲ್ಲಿಯೇ ನಿಧನರಾದರು. ವಯಸ್ಕರ ಶಿಕ್ಷಣ ಕೇಂದ್ರವಾಗಿ ಆ ಶಾಲೆ ಇಂದಿಗೂ ನಡೆಯುತ್ತಿದೆ.